ಅರಳು ಮರಳು ಎಂದು ಸುಮ್ಮನಾಗಬೇಡಿ: ಮರೆವಿನ ಹಿಂದಿನ ಕಾಯಿಲೆ ಕಂಡ ಡಾ. ಅಲ್ಝೈಮರ್ ಕಥೆ

ಅಜ್ಜಿ ಈಗಷ್ಟೇ ಊಟ ಮುಗಿಸಿ, ಸೊಸೆ ಊಟವನ್ನೇ ಹಾಕಿಲ್ಲ ಎಂದು ದೂರುತ್ತಾರೆ. ತಾತ ದಿನವೂ ಓಡಾಡುವ ಬೀದಿಯಲ್ಲೇ ಮನೆ ಯಾವುದೆಂದು ತಿಳಿಯದೆ ನಿಂತುಬಿಡುತ್ತಾರೆ. ಆಗ ನಾವು ಏನು ಮಾಡುತ್ತೇವೆ? ಅರವತ್ತಕ್ಕೆ ಅರಳು ಮರಳು ಎಂದು ನಕ್ಕು ಸುಮ್ಮನಾಗುತ್ತೇವೆ. ಇಲ್ಲವೇ ವಾಟ್ಸಾಪ್‌ನಲ್ಲಿ ಬಂದ ಎಣ್ಣೆ, ಕಷಾಯದ ಫಾರ್ವರ್ಡ್ ನಂಬುತ್ತೇವೆ.

ಇಂಥ ಮರೆವಿನ ಹಿಂದೆ ಮೆದುಳಿನ ಕಾಯಿಲೆ ಇರಬಹುದು ಎಂದು ಕಣ್ಣಾರೆ ಕಂಡು ತೋರಿಸಿದವರು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್. ಕಾಯಿಲೆಯ ಹೆಸರು ನಮಗೆಲ್ಲ ಗೊತ್ತು. ಆ ಮನುಷ್ಯನ ಬಗ್ಗೆ ನಮಗೆ ಗೊತ್ತಿರುವುದು ಕಡಿಮೆ.

ರೋಗಿಯ ಪಕ್ಕ ಕೂತ ವೈದ್ಯ

ಅಲ್ಝೈಮರ್ ಹುಟ್ಟಿದ್ದು 1864ರ ಜೂನ್ 14ರಂದು, ಬವೇರಿಯಾದ ಮಾರ್ಕ್ಟ್‌ಬ್ರೈಟ್ ಎಂಬ ಸಣ್ಣ ಊರಿನಲ್ಲಿ. ವೈದ್ಯಕೀಯ ಓದಿ, 1888ರಲ್ಲಿ ಫ್ರಾಂಕ್‌ಫರ್ಟ್ ನಗರದ ಮಾನಸಿಕ ಆಸ್ಪತ್ರೆಗೆ ಸೇರಿದರು. ಆ ಕಾಲದಲ್ಲಿ ಇಂಥ ಕಡೆ ರೋಗಿಗಳನ್ನು ಕಟ್ಟಿಹಾಕುವುದು ಸಾಮಾನ್ಯವಾಗಿತ್ತು. ಅಲ್ಝೈಮರ್ ಮತ್ತು ಅಲ್ಲಿನ ಮುಖ್ಯಸ್ಥ ಎಮಿಲ್ ಸಿಯೋಲಿ ಅದನ್ನು ಕಡಿಮೆ ಮಾಡಿದರು.

ಹಗಲು ರೋಗಿಗಳ ಜೊತೆ ಮಾತು, ಉಳಿದ ಹೊತ್ತು ಸೂಕ್ಷ್ಮದರ್ಶಕ. ಸಹೋದ್ಯೋಗಿ ಫ್ರಾಂಟ್ಸ್ ನಿಸ್ಲ್ ಮೆದುಳಿನ ಕೋಶಗಳಿಗೆ ಬಣ್ಣ ಹಚ್ಚಿ ಅವು ಸ್ಪಷ್ಟವಾಗಿ ಕಾಣುವಂತೆ ಮಾಡುವ ವಿಧಾನ ಬಲ್ಲವರು. ಇಬ್ಬರೂ ಗಟ್ಟಿ ಸ್ನೇಹಿತರಾದರು.

1901ರಲ್ಲಿ ಅಲ್ಝೈಮರ್ ಅವರ ಹೆಂಡತಿ ಸಿಸಿಲಿಯೆ ತೀರಿಕೊಂಡರು. ಮೂವರು ಚಿಕ್ಕ ಮಕ್ಕಳು. ಅದೇ ವರ್ಷದ ನವೆಂಬರ್‌ನಲ್ಲಿ ಆಸ್ಪತ್ರೆಗೆ ಬಂದವರು ಆಗುಸ್ಟೆ ಎಂಬ ಮಹಿಳೆ. ವಯಸ್ಸು 51 ಮಾತ್ರ! ಮೊದಲು ಗಂಡನ ಮೇಲೆ ವಿನಾಕಾರಣ ಅನುಮಾನ ಶುರುವಾಗಿತ್ತು. ಆಮೇಲೆ ಮರೆವು, ವಸ್ತುಗಳನ್ನು ಬಚ್ಚಿಡುವುದು, ಗೊಂದಲ. ಗಂಡನ ಹೆಸರು ಕೇಳಿದರೆ ತನ್ನದೇ ಹೆಸರು ಹೇಳುತ್ತಿದ್ದರು.

ಅಲ್ಝೈಮರ್ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳಿ, ಆಕೆಯ ಉತ್ತರಗಳನ್ನು ಹಾಗೆಯೇ ಬರೆದುಕೊಂಡರು. ಅವರು ಬರೆದ ಆ ಕಡತ ಕಳೆದುಹೋಗಿತ್ತು. ಅದು ಫ್ರಾಂಕ್‌ಫರ್ಟ್‌ನಲ್ಲೇ ಮತ್ತೆ ಸಿಕ್ಕಿದ್ದು 1995ರಲ್ಲಿ.

ಸೂಕ್ಷ್ಮದರ್ಶಕದಲ್ಲಿ ಕಂಡಿದ್ದು

1903ರಲ್ಲಿ ಅಲ್ಝೈಮರ್ ಹೆಸರಾಂತ ಮನೋವೈದ್ಯ ಎಮಿಲ್ ಕ್ರೆಪೆಲಿನ್ ಜೊತೆ ಮ್ಯೂನಿಕ್‌ಗೆ ಹೋದರು. ಅಲ್ಲಿ ಮೊದಲ ಕೆಲವು ವರ್ಷ ಸಂಬಳವಿಲ್ಲದೆ ದುಡಿದು, ಮೆದುಳಿನ ಪ್ರಯೋಗಾಲಯ ಕಟ್ಟಿದರು. ಬೇರೆ ಬೇರೆ ದೇಶಗಳ ಯುವ ವೈದ್ಯರು ಅಲ್ಲಿಗೆ ಕಲಿಯಲು ಬಂದರು.

1906ರ ಏಪ್ರಿಲ್‌ನಲ್ಲಿ ಆಗುಸ್ಟೆ ತೀರಿಕೊಂಡರು. ಅಲ್ಝೈಮರ್ ಆಕೆಯ ಮೆದುಳು ಮತ್ತು ದಾಖಲೆಗಳನ್ನು ಮ್ಯೂನಿಕ್‌ಗೆ ತರಿಸಿಕೊಂಡರು. ಮೆದುಳು ಕುಗ್ಗಿತ್ತು. ತೆಳುವಾಗಿ ಕೊಯ್ದು ಬಣ್ಣ ಹಚ್ಚಿ ನೋಡಿದಾಗ ಎರಡು ವಿಚಿತ್ರ ಕಂಡವು. ಕೋಶಗಳ ಹೊರಗೆ ಅಲ್ಲಲ್ಲಿ ಕಲೆಯಂಥ ಗುಡ್ಡೆಗಳು. ಕೋಶಗಳ ಒಳಗೆ ಸಿಕ್ಕುಬಿದ್ದ ದಾರದಂಥ ಎಳೆಗಳು. ಮೊದಲನೆಯದು ಅಮೈಲಾಯ್ಡ್, ಎರಡನೆಯದು ಟಾವ್ ಎಂಬ ಪ್ರೋಟೀನ್‌ನಿಂದ ಆಗುವಂಥವು ಎಂದು ಈಗ ನಮಗೆ ಗೊತ್ತು.

ಅದೇ ವರ್ಷ ನವೆಂಬರ್ 3ರಂದು ಟ್ಯೂಬಿಂಗೆನ್‌ನ ವೈದ್ಯರ ಸಭೆಯಲ್ಲಿ ಇದನ್ನು ವಿವರಿಸಿದರು. ಯಾರೂ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ! 1910ರಲ್ಲಿ ಕ್ರೆಪೆಲಿನ್ ತಮ್ಮ ಪಠ್ಯಪುಸ್ತಕದಲ್ಲಿ ಈ ಕಾಯಿಲೆಗೆ ಅಲ್ಝೈಮರ್ ಹೆಸರಿಟ್ಟರು.

1912ರಲ್ಲಿ ಬ್ರೆಸ್ಲಾವ್‌ನಲ್ಲಿ (ಈಗ ಪೋಲೆಂಡ್‌ನಲ್ಲಿದೆ) ಪ್ರೊಫೆಸರ್ ಹುದ್ದೆ ಸಿಕ್ಕಿತು. ಆದರೆ ಅಲ್ಲಿಗೆ ಹೋಗುವಾಗಲೇ ಆರೋಗ್ಯ ಕೆಟ್ಟಿತು, ಪೂರ್ತಿ ಸುಧಾರಿಸಲೇ ಇಲ್ಲ. 1915ರ ಡಿಸೆಂಬರ್ 19ರಂದು ತೀರಿಕೊಂಡಾಗ ಅವರಿಗೆ 51 ವರ್ಷ. ಆಗುಸ್ಟೆ ಆಸ್ಪತ್ರೆಗೆ ಬಂದಾಗ ಇದ್ದ ವಯಸ್ಸು!

ಸಂಸ್ಥೆ ಬೆಳೆಯಿತು, ದಾರಿ ತಪ್ಪಿತು

1917ರಲ್ಲಿ ಕ್ರೆಪೆಲಿನ್ ಮ್ಯೂನಿಕ್‌ನಲ್ಲಿ ಮನೋವೈದ್ಯಕೀಯ ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿದರು. ಮೆದುಳಿನ ಅಧ್ಯಯನ ಅದರ ಮುಖ್ಯ ಭಾಗ. ಅಲ್ಝೈಮರ್ ಅದನ್ನು ನೋಡಲು ಇರಲಿಲ್ಲ.

ಮುಂದೆ ನಾಜಿಗಳ ಕಾಲದಲ್ಲಿ ಈ ಸಂಸ್ಥೆಯ ಮುಖ್ಯಸ್ಥ ಅರ್ನ್ಸ್ಟ್ ರೂಡಿನ್, ರೋಗಿಗಳಿಗೆ ಬಲವಂತದ ಸಂತಾನಹರಣ ಮಾಡುವ 1933ರ ಕಾನೂನಿನ ಪರ ನಿಂತರು. ಕೊಲ್ಲಲ್ಪಟ್ಟ ರೋಗಿಗಳ ಮೆದುಳುಗಳೂ ಇಲ್ಲಿನ ಪ್ರಯೋಗಾಲಯಕ್ಕೆ ಬಂದವು. ಇಂಥ ಮಾದರಿಗಳನ್ನು 1990ರಲ್ಲಿ ಮ್ಯೂನಿಕ್‌ನ ಸ್ಮಶಾನದಲ್ಲಿ ಗೌರವದಿಂದ ಹೂಳಲಾಯಿತು. ರೋಗಿಯ ಪಕ್ಕ ಕೂತು ಮಾತು ಕೇಳಿದ ವೈದ್ಯ ಕಟ್ಟಿದ ಪರಂಪರೆ, ರೋಗಿಯನ್ನು ಮನುಷ್ಯ ಎಂದೇ ಕಾಣದ ಮಟ್ಟಕ್ಕೆ ಇಳಿದಿತ್ತು. ಇವತ್ತು ಆ ಸಂಸ್ಥೆ ಮಾಕ್ಸ್ ಪ್ಲಾಂಕ್ ಮನೋವೈದ್ಯಕೀಯ ಸಂಸ್ಥೆ ಎಂಬ ಹೆಸರಿನಲ್ಲಿದೆ.

ಹಾಗಾದರೆ ಅರಳು ಮರಳು ಸುಳ್ಳೇ?

ವಯಸ್ಸಾದಂತೆ ಹೆಸರು ತಕ್ಷಣ ನೆನಪಾಗದಿರುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಹಜ. ಆದರೆ ಕನ್ನಡಕ ಯಾವುದಕ್ಕೆ ಎಂಬುದೇ ಮರೆತರೆ ಅದು ಬೇರೆ ವಿಷಯ.

ವೈದ್ಯರು ಕೂಡ ದಶಕಗಳ ಕಾಲ ಅಲ್ಝೈಮರ್ ಕಾಯಿಲೆ ಎಂದರೆ ನಡುವಯಸ್ಸಿನವರಿಗೆ ಬರುವ ಅಪರೂಪದ ರೋಗ ಎಂದೇ ನಂಬಿದ್ದರು, ಮುದುಕರ ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುತ್ತಿದ್ದರು. 1960–70ರ ದಶಕಗಳ ಅಧ್ಯಯನಗಳು ವೃದ್ಧರ ಮೆದುಳಿನಲ್ಲೂ ಅದೇ ಗುಡ್ಡೆ, ಅದೇ ಎಳೆಗಳನ್ನು ತೋರಿಸಿದ ಮೇಲೆಯೇ ಈ ಕಣ್ಣು ತೆರೆದದ್ದು.

ಈ ಕಾಯಿಲೆಯನ್ನು ಪೂರ್ತಿ ವಾಸಿಮಾಡುವ ಔಷಧ ಇವತ್ತಿಗೂ ಇಲ್ಲ. ವಾಸಿಯಾಗುತ್ತದೆ ಎನ್ನುವ ಫಾರ್ವರ್ಡ್ ಬಂದರೆ ನಂಬಬೇಡಿ. ಹಾಗೆಂದು ವೈದ್ಯರ ಬಳಿ ಹೋಗದಿರಬೇಡಿ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ಅಲ್ಝೈಮರ್ ಎಂದೇ ಗೊತ್ತಾದರೂ ಲಕ್ಷಣಗಳನ್ನು ಸ್ವಲ್ಪ ಹತೋಟಿಯಲ್ಲಿಡುವ ಔಷಧಗಳಿವೆ.

ಮುಖ್ಯವಾಗಿ, ಊಟ ಹಾಕಿಲ್ಲ ಎನ್ನುವ ಅಜ್ಜಿ ಸೊಸೆಯ ಮೇಲೆ ಬೇಕೆಂದೇ ದೂರು ಹೇಳುತ್ತಿಲ್ಲ ಎಂಬುದು ಮನೆಯವರಿಗೆ ಅರ್ಥವಾಗುತ್ತದೆ. ಮುಂದಿನ ಸಲ ನಗುವ ಮೊದಲು, ಗದರುವ ಮೊದಲು, ಆ ವೈದ್ಯರಂತೆ ಒಮ್ಮೆ ಪಕ್ಕದಲ್ಲಿ ಕೂತು ಮಾತನಾಡಿಸೋಣ. ಮನೆಯಲ್ಲಿ ಹಿರಿಯರು ಇರುವವರಿಗೆ ಇದನ್ನು ಕಳಿಸಿ.