ಇನ್ಸುಲಿನ್ ನೀಡಿದ ಬ್ಯಾಂಟಿಂಗ್: ಸಕ್ಕರೆಯ ಹುಡುಕಾಟ, ಕೊಬ್ಬಿನ ಗುಟ್ಟು

ಚಂದಾಪುರ: ಇಲ್ಲಿಗೆ ಸಮೀಪದ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ ಇನ್ಸುಲಿನ್ ತಯಾರಿಕೆಗೆ ಹೆಸರಾಗಿದೆ. ಯೀಸ್ಟ್ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಬಯೋಕಾನ್ ಸಂಸ್ಥೆ 2004ರಲ್ಲಿ ಮಾರುಕಟ್ಟೆಗೆ ತಂದಿತು. ಈ ಹಾರ್ಮೋನನ್ನು ಮೊದಲು ರೋಗಿಗಳಿಗೆ ತಲುಪಿಸಿದವರಲ್ಲಿ ಪ್ರಮುಖರು ಕೆನಡಾದ ವೈದ್ಯ ಫ್ರೆಡರಿಕ್ ಬ್ಯಾಂಟಿಂಗ್.

1891ರ ನವೆಂಬರ್ 14ರಂದು ಒಂಟಾರಿಯೊ ಪ್ರಾಂತ್ಯದ ಆಲಿಸ್ಟನ್‌ನ ರೈತ ಕುಟುಂಬದಲ್ಲಿ ಅವರು ಜನಿಸಿದರು. ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದಾಗ 1918ರಲ್ಲಿ ತೋಳಿಗೆ ಗಾಯವಾಯಿತು. ಕೆನಡಾಕ್ಕೆ ಮರಳಿದ ಬಳಿಕ ತೆರೆದ ಚಿಕಿತ್ಸಾಲಯದಲ್ಲಿ ಮೊದಲ ತಿಂಗಳ ಸಂಪಾದನೆ ಕೇವಲ 4 ಡಾಲರ್. ಬಿಡುವೇ ಹೆಚ್ಚಾಗಿದ್ದ ಆ ದಿನಗಳಲ್ಲಿ, 1920ರ ಅಕ್ಟೋಬರ್ 31ರ ರಾತ್ರಿ, ಮೇದೋಜೀರಕ ಗ್ರಂಥಿಯ ನಾಳಗಳನ್ನು ಕಟ್ಟಿ ಅದರೊಳಗಿನ ಸ್ರಾವವನ್ನು ಬೇರ್ಪಡಿಸುವ ಯೋಚನೆ ಅವರಿಗೆ ಹೊಳೆಯಿತು.

ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೆಕ್ಲಿಯಾಡ್ ಸಂದೇಹದಿಂದಲೇ ಪ್ರಯೋಗಾಲಯ, ಕೆಲವು ನಾಯಿಗಳು ಹಾಗೂ ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯ ನೆರವನ್ನು ಒದಗಿಸಿದರು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ನೀಡಿದ ಮೊದಲ ಚುಚ್ಚುಮದ್ದು ಫಲಿಸಲಿಲ್ಲ. ರಸಾಯನತಜ್ಞ ಕಾಲಿಪ್ ಶುದ್ಧೀಕರಿಸಿದ ಔಷಧವನ್ನು ಅದೇ ತಿಂಗಳ 23ರಂದು ಕೊಟ್ಟಾಗ ಬಾಲಕ ಚೇತರಿಸಿಕೊಂಡನು.

ಅಂದಿನ ಮಧುಮೇಹಿ ಮಕ್ಕಳಿಗೆ ಉಪವಾಸವೇ ಚಿಕಿತ್ಸೆ. ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು ಎಲಿಜಬೆತ್ 1922ರ ಆಗಸ್ಟ್‌ನಲ್ಲಿ ಬ್ಯಾಂಟಿಂಗ್ ಬಳಿಗೆ ಬಂದಾಗ ಹದಿನೈದು ತುಂಬುವುದರಲ್ಲಿದ್ದಳು. ತೂಕ ಮಾತ್ರ ಸುಮಾರು 20 ಕಿಲೊ. ಚರ್ಮದಡಿಯ ಕೊಬ್ಬು ಪೂರ್ತಿ ಕರಗಿ ಎಲುಬುಗಳು ಎದ್ದು ಕಾಣುತ್ತಿದ್ದವು. ಇನ್ಸುಲಿನ್ ಆರಂಭವಾದ ಕೆಲವೇ ವಾರಗಳಲ್ಲಿ ಮೈ ತುಂಬಿಕೊಂಡಿತು. ಮುಂದೆ ಮದುವೆಯಾಗಿ, ಮಕ್ಕಳನ್ನು ಹೆತ್ತು, ಆಕೆ 1981ರವರೆಗೆ ಬದುಕಿದಳು. ಬ್ಯಾಂಟಿಂಗ್ ಬೆನ್ನಟ್ಟಿದ್ದು ರಕ್ತದ ಸಕ್ಕರೆಯನ್ನು. ಕೈಗೆ ಸಿಕ್ಕಿದ್ದು ಕೊಬ್ಬನ್ನೂ ಕಟ್ಟಬಲ್ಲ ಹಾರ್ಮೋನು.

1923ರಲ್ಲಿ ನೊಬೆಲ್ ಬಂದಾಗ ಮೆಕ್ಲಿಯಾಡ್ ಜೊತೆ ಹಂಚಿಕೊಳ್ಳಬೇಕಾದುದಕ್ಕೆ ಅವರು ಕೆರಳಿದರು. ತಮ್ಮ ಪಾಲಿನ ಹಣದಲ್ಲಿ ಅರ್ಧವನ್ನು ಬೆಸ್ಟ್‌ಗೆ ಕೊಟ್ಟರು. ಮುಂಗೋಪಿಯಾದರೂ ಹಣದಾಸೆಯವರಲ್ಲ: ಇನ್ಸುಲಿನ್ ಪೇಟೆಂಟನ್ನು ಸಂಶೋಧಕರು ತಲಾ 1 ಡಾಲರ್‌ಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟಿದ್ದರು. 1941ರ ಫೆಬ್ರವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ವಿಮಾನ ಪತನಗೊಂಡು, 49ನೇ ವಯಸ್ಸಿನಲ್ಲಿ ಬ್ಯಾಂಟಿಂಗ್ ಅಸುನೀಗಿದರು.

ಎಲಿಜಬೆತ್‌ಳ ಮೈ ತುಂಬಿದ್ದರ ಹಿಂದಿನ ಕಾರ್ಯವಿಧಾನ ವಿವರವಾಗಿ ತಿಳಿಯಲು ದಶಕಗಳೇ ಬೇಕಾದವು. ಇನ್ಸುಲಿನ್ ಕೊಬ್ಬಿನ ಕೋಶದೊಳಗೆ ಸಕ್ಕರೆಯನ್ನು ಸೇರಿಸಿ, ಕೂಡಿಟ್ಟ ಕೊಬ್ಬು ಕರಗದಂತೆ ತಡೆಯುತ್ತದೆ. ಹೊಸ ಕೋಶಗಳ ಹುಟ್ಟಿನಲ್ಲೂ ಅದರ ಕೈವಾಡವಿದೆ. 1970ರ ದಶಕದಲ್ಲಿ ಅಮೆರಿಕದ ಹೊವಾರ್ಡ್ ಗ್ರೀನ್ ಇಲಿಯ ಪೂರ್ವಕೋಶಗಳು ಕೊಬ್ಬಿನ ಕೋಶಗಳಾಗುವುದನ್ನು ತೋರಿಸಿದರು. ಇನ್ಸುಲಿನ್ ಬೆರೆತಾಗ ಅವುಗಳಲ್ಲಿ ಕೊಬ್ಬು ಬೇಗನೆ ತುಂಬಿತು. 1999ರಲ್ಲಿ ಮನುಷ್ಯರ ಮೂಳೆಮಜ್ಜೆಯ ಆಕರಕೋಶಗಳನ್ನೂ, ಅಂದರೆ ಸ್ಟೆಮ್ ಸೆಲ್‌ಗಳನ್ನೂ, ಹೀಗೆಯೇ ಬದಲಾಯಿಸಲಾಯಿತು. ಅಲ್ಲಿ ಇನ್ಸುಲಿನ್ ಒಂದೇ ಸಾಲದು. ಒತ್ತಡದ ಹಾರ್ಮೋನಾದ ಕಾರ್ಟಿಸೋಲ್ ಅನ್ನು ಹೋಲುವ ಡೆಕ್ಸಾಮೆಥಾಸೋನ್ ಮತ್ತಿತರ ರಾಸಾಯನಿಕಗಳೂ ಜೊತೆಗೂಡಬೇಕು. ಆಗ ಪಿಪಿಎಆರ್-ಗಾಮಾ ಎಂಬ ಪ್ರೋಟೀನು ಎಚ್ಚೆತ್ತು, ಮೂಳೆಯ ಕೋಶವಾಗಬಹುದಾಗಿದ್ದ ಆಕರಕೋಶ ಕೊಬ್ಬಿನ ದಾರಿ ಹಿಡಿಯುತ್ತದೆ. ಸ್ಟೆರಾಯ್ಡ್ ಮಾತ್ರೆಗಳನ್ನು ದೀರ್ಘಕಾಲ ನುಂಗುವವರಲ್ಲಿ ಹೊಟ್ಟೆ ದಪ್ಪಗಾಗಿ ಮೂಳೆ ಸವೆಯುವುದಕ್ಕೆ ಇದೂ ಒಂದು ಕಾರಣ.

ಬ್ಯಾಂಟಿಂಗ್ ಔಷಧದ ಈ ಗುಣವನ್ನು ಇಂದಿನ ರೋಗಿಗಳು ಬೆರಳಿನಿಂದಲೇ ಮುಟ್ಟಿ ತಿಳಿಯಬಹುದು. ಹೊಟ್ಟೆ ಅಥವಾ ತೊಡೆಯ ಒಂದೇ ಜಾಗದಲ್ಲಿ ನಿತ್ಯ ಸೂಜಿ ಚುಚ್ಚಿದರೆ ಅಲ್ಲಿ ಮೆತ್ತನೆಯ ಕೊಬ್ಬಿನ ಗಂಟು ಬೆಳೆಯುತ್ತದೆ. ಅದರೊಳಗೆ ಚುಚ್ಚಿದ ಇನ್ಸುಲಿನ್ ರಕ್ತಕ್ಕೆ ಸರಿಯಾಗಿ ಸೇರದೆ ಸಕ್ಕರೆ ಪ್ರಮಾಣ ಏರುಪೇರಾಗುತ್ತದೆ. ಆದ್ದರಿಂದಲೇ ಪ್ರತಿ ಸಲವೂ ಜಾಗ ಬದಲಿಸಿ ಚುಚ್ಚಿಕೊಳ್ಳುವಂತೆ ವೈದ್ಯರು ಸೂಚಿಸುತ್ತಾರೆ.