ಸರ್ ಜೋಸೆಫ್ ಪ್ಯಾಕ್ಸ್‌ಟನ್ (1803–1865): ಗಾಜಿನ ಮನೆಯಲ್ಲಿ ಹೂವು ಅರಳಿಸಿದ ತೋಟಗಾರ

ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿರುವ ಗಾಜಿನ ಮನೆಯು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಿಂದ ಪ್ರೇರಿತವಾದುದು. ಆ ಕಟ್ಟಡವನ್ನು ರೂಪಿಸಿದವರು ಸರ್ ಜೋಸೆಫ್ ಪ್ಯಾಕ್ಸ್‌ಟನ್. ಇವರು ವೃತ್ತಿಯಿಂದ ತೋಟಗಾರರು. ಉಷ್ಣವಲಯದ ಹೂಗಿಡಗಳನ್ನು ಶೀತ ಪ್ರದೇಶದಲ್ಲಿ ಸೂರಿನಡಿ ಬೆಳೆಸುವ ಕ್ರಮಕ್ಕೆ ಇವರ ಕೊಡುಗೆ ಮಹತ್ವದ್ದು. ಸಾರ್ವಜನಿಕರ ಮಾಹಿತಿಗಾಗಿ ಇವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವೃತ್ತಿ ಆರಂಭ

ಪ್ಯಾಕ್ಸ್‌ಟನ್‌ರವರು 1803ರ ಆಗಸ್ಟ್ 3ರಂದು ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರ್‌ನ ಸಾಮಾನ್ಯ ಕೃಷಿಕ ಕುಟುಂಬದಲ್ಲಿ ಜನಿಸಿದರು. 1823ರಲ್ಲಿ ಲಂಡನ್ ಸಮೀಪದ ಚಿಸ್ವಿಕ್‌ನಲ್ಲಿದ್ದ ತೋಟಗಾರಿಕಾ ಸಂಘದ ಉದ್ಯಾನದಲ್ಲಿ ಕೆಲಸಕ್ಕೆ ಸೇರಿದರು. ಪಕ್ಕದ ಬಂಗಲೆಯಲ್ಲಿದ್ದ ಡೆವನ್‌ಷೈರ್‌ನ ಆರನೆಯ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್ ಇವರ ಆಸಕ್ತಿಯನ್ನು ಗಮನಿಸಿ, 1826ರಲ್ಲಿ ಡರ್ಬಿಷೈರ್‌ನ ತಮ್ಮ ಚಾಟ್ಸ್‌ವರ್ತ್ ಎಸ್ಟೇಟಿನ ಮುಖ್ಯ ತೋಟಗಾರರನ್ನಾಗಿ ನೇಮಿಸಿದರು. ಆಗ ಪ್ಯಾಕ್ಸ್‌ಟನ್‌ರವರಿಗೆ 22 ವರ್ಷ ವಯಸ್ಸು.

ಮಹಾ ಗಾಜಿನ ಮನೆ

1836ರಲ್ಲಿ ಚಾಟ್ಸ್‌ವರ್ತ್‌ನಲ್ಲಿ ಬೃಹತ್ ಗಾಜಿನ ಮನೆಯ ನಿರ್ಮಾಣ ಆರಂಭವಾಯಿತು. ಇದರ ಉದ್ದ 277 ಅಡಿ, ಅಗಲ 123 ಅಡಿ, ಎತ್ತರ 67 ಅಡಿ. ಎಂಟು ಬಾಯ್ಲರ್‌ಗಳಲ್ಲಿ ಕಾಯಿಸಿದ ನೀರು ಸುಮಾರು ಏಳು ಮೈಲಿ ಉದ್ದದ ಕಬ್ಬಿಣದ ಕೊಳವೆಗಳಲ್ಲಿ ಹರಿದು ಗಿಡಗಳಿಗೆ ಬೆಚ್ಚನೆಯ ವಾತಾವರಣ ಒದಗಿಸುತ್ತಿತ್ತು. ಕಲ್ಲಿದ್ದಲನ್ನು ನೆಲದಡಿಯ ಸುರಂಗದ ಮೂಲಕ ತರಲಾಗುತ್ತಿತ್ತು. 1835ರಲ್ಲಿ ಸಸ್ಯ ಸಂಗ್ರಹಕ್ಕಾಗಿ ಭಾರತಕ್ಕೆ ಬಂದ ಜಾನ್ ಗಿಬ್ಸನ್ ಎಂಬ ತೋಟಗಾರ, ಖಾಸಿ ಬೆಟ್ಟಗಳಿಂದ ಅನೇಕ ಆರ್ಕಿಡ್‌ಗಳನ್ನು ಚಾಟ್ಸ್‌ವರ್ತ್‌ಗೆ ಒಯ್ದರು. ಆ ಕಾಲದಲ್ಲಿ ಆರ್ಕಿಡ್‌ಗಳನ್ನೆಲ್ಲ ಒಂದೇ ರೀತಿಯ ಅತಿ ಬಿಸಿಯಲ್ಲಿ ಇರಿಸುವ ರೂಢಿಯಿತ್ತು. ಅನೇಕ ಗಿಡಗಳು ಸಾಯುತ್ತಿದ್ದವು. ಪ್ಯಾಕ್ಸ್‌ಟನ್‌ರವರು ಪ್ರತಿ ಗಿಡದ ಮೂಲ ನೆಲೆಯನ್ನು ಅರಿತು, ಅದಕ್ಕೆ ತಕ್ಕ ಉಷ್ಣತೆ ಮತ್ತು ಗಾಳಿಯನ್ನು ಒದಗಿಸಿದರು.

ದೈತ್ಯ ತಾವರೆಯ ಹೂವು

ದಕ್ಷಿಣ ಅಮೆರಿಕದ ದೈತ್ಯ ನೀರುತಾವರೆ (ವಿಕ್ಟೋರಿಯಾ ಅಮೆಜಾನಿಕಾ) ಬ್ರಿಟನ್ನಿನಲ್ಲಿ ಅಲ್ಲಿಯವರೆಗೆ ಅರಳಿರಲಿಲ್ಲ. 1849ರ ಆಗಸ್ಟ್‌ನಲ್ಲಿ ಕ್ಯೂ ಸಸ್ಯೋದ್ಯಾನದಿಂದ ಇದರ ಒಂದು ಸಣ್ಣ ಸಸಿ ಪ್ಯಾಕ್ಸ್‌ಟನ್‌ರವರಿಗೆ ದೊರೆಯಿತು. ಚಳಿಗಾಲ ಸಮೀಪಿಸುತ್ತಿತ್ತು. ಅವರು ತೊಟ್ಟಿಯ ನಡುವೆ ಫಲವತ್ತಾದ ಮಣ್ಣಿನ ದಿಬ್ಬ ಮಾಡಿ ಸಸಿಯನ್ನು ನೆಟ್ಟರು. ಬೇರುಗಳಿಗೆ ನೇರವಾಗಿ ಶಾಖ ತಲುಪಲೆಂದು ಮಣ್ಣಿನಡಿಯಲ್ಲೇ ಬಿಸಿನೀರಿನ ಕೊಳವೆಗಳನ್ನು ಹಾಯಿಸಿದರು. ನೀರಿನ ಉಷ್ಣತೆಯನ್ನು ಸುಮಾರು 85 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 29 ಡಿಗ್ರಿ ಸೆಲ್ಸಿಯಸ್) ಮಟ್ಟದಲ್ಲಿ ಕಾಯ್ದುಕೊಂಡರು. ನಿಂತ ನೀರು ಗಿಡಕ್ಕೆ ಒಗ್ಗದೆಂದು ಚಿಕ್ಕ ಚಕ್ರಗಳಿಂದ ನೀರನ್ನು ಸದಾ ಚಲಿಸುವಂತೆ ಮಾಡಿದರು. ಅದೇ ವರ್ಷದ ನವೆಂಬರ್‌ನಲ್ಲಿ, ಕ್ಯೂ ಉದ್ಯಾನಕ್ಕಿಂತ ಮೊದಲೇ, ಗಿಡ ಹೂಬಿಟ್ಟಿತು. ಅದರ ಎಲೆಯು ಇವರ ಪುಟ್ಟ ಮಗಳ ಭಾರವನ್ನು ಹೊರುವಷ್ಟು ದೃಢವಾಗಿತ್ತು. ಈ ತಾವರೆಗಾಗಿ ಕಟ್ಟಿದ ಗಾಜಿನ ಮನೆಯ ಅನುಭವವೇ 1851ರ ಕ್ರಿಸ್ಟಲ್ ಪ್ಯಾಲೇಸ್‌ಗೆ ದಾರಿಯಾಯಿತು.

ನಂತರದ ಜೀವನ

1851ರಲ್ಲಿ ಇವರಿಗೆ ಸರ್ ಪದವಿ ದೊರೆಯಿತು. 1854ರಿಂದ ಕೊನೆಯವರೆಗೆ ಕವೆಂಟ್ರಿ ಕ್ಷೇತ್ರದ ಸಂಸತ್ ಸದಸ್ಯರಾಗಿದ್ದರು. ಸಿರಿವಂತರಿಗಷ್ಟೇ ಎಟಕುತ್ತಿದ್ದ ಗಾಜಿನ ಮನೆಯು ಸಾಮಾನ್ಯರಿಗೂ ದೊರೆಯಲೆಂದು, ಸುಲಭವಾಗಿ ಜೋಡಿಸಬಹುದಾದ ಅಗ್ಗದ ಮಾದರಿಯೊಂದಕ್ಕೆ 1858ರಲ್ಲಿ ಪೇಟೆಂಟ್ ಪಡೆದರು. 1865ರ ಜೂನ್ 8ರಂದು ನಿಧನರಾದರು.

ಇವರ ಮಹಾ ಗಾಜಿನ ಮನೆಯ ಅಂತ್ಯವೂ ಗಮನಾರ್ಹವಾದುದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲಿನ ಅಭಾವದಿಂದ ಬಾಯ್ಲರ್‌ಗಳು ನಿಂತು, ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಕಟ್ಟಡವನ್ನು ಕೆಡವಲಾಯಿತು.

ಮನೆಯೊಳಗೆ ಹೂಗಿಡ ಬೆಳೆಸುವವರಿಗೆ

ಶಾಖ, ಬೆಳಕು, ಗಾಳಿ ಮತ್ತು ಪೋಷಕಾಂಶ ಒಂದಕ್ಕೊಂದು ಹೊಂದಿಕೊಂಡಿರಬೇಕೆಂಬುದು ಪ್ಯಾಕ್ಸ್‌ಟನ್‌ರವರ ಕೆಲಸದಿಂದ ತಿಳಿಯುವ ಮುಖ್ಯ ಅಂಶ. ಚಳಿಯಲ್ಲಿ ಉಷ್ಣವಲಯದ ಗಿಡಗಳ ಬೇರುಗಳು ಗೊಬ್ಬರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಆದುದರಿಂದ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಮನೆಯೊಳಗಿನ ಇಂತಹ ಕುಂಡಗಳನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಇರಿಸಿ, ನೀರು ಮತ್ತು ಗೊಬ್ಬರವನ್ನು ಕಡಿಮೆ ಮಾಡುವುದು ಸೂಕ್ತ. ಗಿಡ ಹೊಸದಾಗಿ ಚಿಗುರಲಾರಂಭಿಸಿದ ಮೇಲೆ ತೆಳುವಾದ ದ್ರವಗೊಬ್ಬರ ನೀಡಬಹುದು.

ಲಾಲ್‌ಬಾಗ್‌ನ ಗಾಜಿನ ಮನೆಗೆ 1889ರ ನವೆಂಬರ್ 30ರಂದು ಶಂಕುಸ್ಥಾಪನೆ ನೆರವೇರಿತು. ಬೆಂಗಳೂರಿನ ಹವಾಮಾನದಿಂದಾಗಿ ಇದಕ್ಕೆ ಬಾಯ್ಲರ್‌ಗಳ ಅಗತ್ಯವಿಲ್ಲ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನಗಳಿಗೆ ಇದೇ ಕೇಂದ್ರವಾಗಿದೆ.