ಎಲಾ ಶೆಪರ್ಡ್ ಮತ್ತು ಫಿಸ್ಕ್ ವಿದ್ಯಾರ್ಥಿಗಳ ಹಾಡುಮೇಳ

ವಿಶ್ವವಿದ್ಯಾನಿಲಯಗಳನ್ನು ಕಟ್ಟಿದವರು ಯಾರೆಂದು ಕೇಳಿದರೆ ನಮಗೆ ಒಡನೆ ನೆನಪಾಗುವವರು ಅರಸರು, ದಿವಾನರು, ಸಾಹುಕಾರರು. ಮೈಸೂರು ವಿಶ್ವವಿದ್ಯಾನಿಲಯವೆಂದರೆ 1916ನೆಯ ಇಸವಿ, ನಾಲ್ವಡಿ ಕೃಷ್ಣರಾಜ ಒಡೆಯರು ಎಂದು ಶಾಲೆಯ ಮಕ್ಕಳೂ ಹೇಳಬಲ್ಲರು. ಅಮೆರಿಕೆಯ ಟೆನೆಸಿ ರಾಜ್ಯದ ನ್ಯಾಷ್‌ವಿಲ್ ನಗರದಲ್ಲಿರುವ ಫಿಸ್ಕ್ ವಿಶ್ವವಿದ್ಯಾನಿಲಯದ ಕಥೆ ಬೇರೆ. ಅದು ಇನ್ನೇನು ಬಾಗಿಲು ಮುಚ್ಚಬೇಕು ಎನ್ನುವ ಗಳಿಗೆಯಲ್ಲಿ ಅದನ್ನು ಉಳಿಸಿದ್ದು ಅಲ್ಲಿಯ ಒಂಬತ್ತು ಜನ ತರುಣ ತರುಣಿಯರ ಹಾಡುಮೇಳ. ಆ ಮೇಳಕ್ಕೆ ಜೀವನಾಡಿಯಾಗಿದ್ದ ಎಲಾ ಶೆಪರ್ಡ್ ಎಂಬಾಕೆಯ ಚರಿತ್ರೆಯನ್ನು ನನ್ನ ಅಲ್ಪ ಶಕ್ತಿಗೆ ನಿಲುಕಿದಷ್ಟು ಇಲ್ಲಿ ಹೇಳಲು ಹೊರಟಿದ್ದೇನೆ.

ಎಲಾ ಹುಟ್ಟಿದ್ದು 1851ರ ಫೆಬ್ರವರಿಯಲ್ಲಿ, ಅದೇ ನ್ಯಾಷ್‌ವಿಲ್ಲಿನಲ್ಲಿ, ಗುಲಾಮಳಾಗಿ. ತಂದೆ ಸೈಮನ್ ಮೈಮುರಿದು ದುಡಿದು, ಕೂಡಿಟ್ಟ 1,800 ಡಾಲರುಗಳನ್ನು ತೆತ್ತು ತನ್ನನ್ನು ತಾನೇ ಬಿಡಿಸಿಕೊಂಡಿದ್ದ. ತಾಯಿ ಸಾರಾ ಮಾತ್ರ ಒಡತಿಯ ಸೊತ್ತಾಗಿಯೇ ಉಳಿದಿದ್ದಳು. ಆ ಒಡತಿ ಇನ್ನೂ ಮಾತು ಕಲಿಯುತ್ತಿದ್ದ ಮಗುವನ್ನು ಮುದ್ದಿಸಿ, ತಾಯಿಯ ಮೇಲೆಯೇ ಚಾಡಿ ಹೇಳುವ ಅಭ್ಯಾಸ ಹಿಡಿಸಿದಳು. ಇದು ತಿಳಿದ ದಿನ ಸಾರಾ ಮಗಳನ್ನೆತ್ತಿಕೊಂಡು, ಇಬ್ಬರೂ ಮುಳುಗಿ ಸಾಯುವುದೇ ಮೇಲೆಂದು ಹೊಳೆಯ ಕಡೆಗೆ ನಡೆದಳು. ದಾರಿಯಲ್ಲಿ ಒಬ್ಬ ಮುದುಕಿ ತಡೆದು ಬುದ್ಧಿ ಹೇಳಿ ಹಿಂದಕ್ಕೆ ಕರೆತಂದಳು. ಕಡೆಗೆ ತಂದೆ 350 ಡಾಲರು ಕೊಟ್ಟು ಮಗಳನ್ನು ಕೊಂಡುಕೊಂಡ. ಹೆತ್ತ ಮಗಳನ್ನು ತಂದೆಯೇ ಕೊಂಡನೆಂದು ಬರೆಯುವಾಗ ಲೇಖನಿ ತಡವರಿಸುತ್ತದೆ. ಆದರೆ ಅಂದಿನ ಕಾಯಿದೆಯೇ ಹಾಗಿತ್ತು. ಸಾರಾಳನ್ನೂ ಮಾರುವೆನೆಂದ ಒಡತಿ ಮಾತಿಗೆ ತಪ್ಪಿದಳು. ತಾಯಿಯನ್ನು ದೂರದ ಮಿಸಿಸಿಪಿಗೆ ಸಾಗಿಸಲಾಯಿತು.

ಸೈಮನ್ ಮರುಮದುವೆಯಾದ. ವ್ಯಾಪಾರ ಕೆಟ್ಟು ಸಾಲ ಏರಿದಾಗ, ಸಾಲಗಾರರು ಕುದುರೆ ಗಾಡಿಗಳ ಜೊತೆಗೆ ಹೆಂಡತಿ ಮಗಳನ್ನೂ ಜಪ್ತಿ ಮಾಡಿಯಾರೆಂಬ ಭಯದಿಂದ ಗುಲಾಮಗಿರಿಯಿಲ್ಲದ ಒಹಾಯೋ ರಾಜ್ಯದ ಸಿನ್ಸಿನಾಟಿಗೆ ಓಡಿದ. ಅಲ್ಲಿ ಎಲಾ ಓದುಬರಹವನ್ನೂ ಪಿಯಾನೋವನ್ನೂ ಕಲಿತಳು. 1866ರಲ್ಲಿ ಕಾಲರಾ ತಂದೆಯನ್ನು ಕೊಂಡೊಯ್ದಿತು. ಸಾಲಗಾರರು ಪಿಯಾನೋವನ್ನು ಕೊಂಡೊಯ್ದರು. ಹದಿನೈದರ ಹುಡುಗಿ ಎದೆಗುಂದಲಿಲ್ಲ. ಒಬ್ಬ ಬಿಳಿಯ ಶಿಕ್ಷಕಿ ಹಾಡುಗಾರಿಕೆ ಕಲಿಸಲು ಒಪ್ಪಿದಳು, ಆದರೆ ಒಂದು ಕರಾರಿನ ಮೇಲೆ: ಪಾಠದ ವಿಷಯ ಯಾರಿಗೂ ತಿಳಿಯಕೂಡದು, ರಾತ್ರಿಯ ಹೊತ್ತು ಹಿತ್ತಲ ಬಾಗಿಲಿನಿಂದ ಬರಬೇಕು. ವಿದ್ಯೆ ಕದ್ದ ಮಾಲಲ್ಲ. ಆದರೂ ಎಲಾ ಅದನ್ನು ಕಳ್ಳಳಂತೆ ಹೋಗಿ ಪಡೆಯಬೇಕಾಯಿತು.

ಗುಲಾಮಗಿರಿ 1865ರಲ್ಲಿ ಕಾಯಿದೆಯಿಂದ ಕೊನೆಗೊಂಡಿತ್ತು. ಎಲಾ ಟೆನೆಸಿಯ ಗ್ಯಾಲಟಿನ್ ಎಂಬ ಊರಿನಲ್ಲಿ ಬಿಡುಗಡೆ ಹೊಂದಿದವರ ಮಕ್ಕಳಿಗೆ ಪಾಠ ಹೇಳಿದಳು. ಫೀಸು ಕೊಡಬಲ್ಲವರು ಬೆರಳೆಣಿಕೆಯಷ್ಟೆ. ಐದು ತಿಂಗಳ ದುಡಿಮೆಯಲ್ಲಿ ಉಳಿದದ್ದು ಆರು ಡಾಲರು. ಅದನ್ನೇ ಗಂಟುಕಟ್ಟಿಕೊಂಡು 1868ರಲ್ಲಿ ಫಿಸ್ಕ್‌ಗೆ ಬಂದಳು. ಆಕೆಯ ಪೆಟ್ಟಿಗೆ ಎಷ್ಟು ಸಣ್ಣದಾಗಿತ್ತೆಂದರೆ ಹುಡುಗರು ಅದನ್ನು ತಿಂಡಿಯ ಡಬ್ಬಿಯೆಂದು ಗೇಲಿ ಮಾಡಿದರು. ಹಣ ಮೂರು ವಾರಕ್ಕೆ ಸಾಲುವಷ್ಟಿತ್ತು. ಬಡಿಸುವ, ಪಾತ್ರೆ ತೊಳೆಯುವ ಕೆಲಸ ಮಾಡಿ, ಊರಿನಲ್ಲಿ ಮೂವರಿಗೆ ಸಂಗೀತ ಪಾಠ ಹೇಳಿ ಆಕೆ ಅಲ್ಲಿ ನೆಲೆನಿಂತಳು.

ಫಿಸ್ಕ್ ತಾನೇ ಬಡವಿ. 1866ರ ಜನವರಿಯಲ್ಲಿ ಸೈನ್ಯದ ಹಳೆಯ ಆಸ್ಪತ್ರೆಯ ಮರದ ಮನೆಗಳಲ್ಲಿ ಆರಂಭವಾದ ಶಾಲೆ ಅದು. ಗುಲಾಮರನ್ನು ಕೂಡಿಹಾಕುತ್ತಿದ್ದ ದೊಡ್ಡಿಯಲ್ಲಿ ಸಿಕ್ಕ ತುಕ್ಕುಹಿಡಿದ ಬೇಡಿಗಳನ್ನು ಗುಜರಿಗೆ ಮಾರಿ ಕಾಗುಣಿತದ ಪುಸ್ತಕಗಳನ್ನು ಕೊಂಡರಂತೆ. ಸಂಸ್ಥೆಯ ಖಜಾಂಚಿಯೇ ಹಾಡಿನ ಮೇಷ್ಟ್ರು: ಜಾರ್ಜ್ ವೈಟ್ ಎಂಬ ಬಿಳಿಯ, ಕಮ್ಮಾರನ ಮಗ. ಆತ ಎಲಾಳನ್ನು ಸಹಾಯಕ ಸಂಗೀತ ಶಿಕ್ಷಕಿಯಾಗಿ ನೇಮಿಸಿಕೊಂಡ. ಫಿಸ್ಕ್‌ನ ಅಧ್ಯಾಪಕ ವರ್ಗದಲ್ಲಿ ಆಕೆಯೇ ಮೊದಲ ಕರಿಯ ವ್ಯಕ್ತಿ.

ವಿದ್ಯಾರ್ಥಿಗಳು ಊರಿನಲ್ಲಿ ಕಛೇರಿ ಮಾಡುತ್ತಿದ್ದರು; ಆದರೆ ಅಲ್ಲಿ ಹಾಡುತ್ತಿದ್ದುದು ಯೂರೋಪಿನ ಹಾಡುಗಳನ್ನು. ತಂದೆತಾಯಿಗಳು ಹತ್ತಿಯ ಹೊಲಗಳಲ್ಲಿ ಹಾಡಿಕೊಂಡಿದ್ದ ಭಕ್ತಿಗೀತೆಗಳನ್ನು ಅವರು ಕೋಣೆಯ ಬಾಗಿಲು ಹಾಕಿ, ಪರದೆ ಎಳೆದು, ತಮ್ಮತಮ್ಮಲ್ಲೇ ಮೆಲ್ಲನೆ ಹಾಡಿಕೊಳ್ಳುತ್ತಿದ್ದರು. ಅವು ಗುಲಾಮಗಿರಿಯ ನೆನಪು. ಮೇಲಾಗಿ ಹಿರಿಯರ ಪೂಜೆಯ ಹಾಡು, ಪರರ ಮುಂದೆ ತೆರೆದಿಡುವಂಥದಲ್ಲ. ಈ ಸಂಕೋಚ ನನಗೆ ಅರ್ಥವಾಗುತ್ತದೆ. ನಮ್ಮ ಅಜ್ಜಿ ಬೀಸುವ ಕಲ್ಲಿನ ಮುಂದೆ ಹೇಳುತ್ತಿದ್ದ ಪದಗಳು ನನಗೆ ಹತ್ತಾರು ಬರುತ್ತವೆ. ಮೂರು ವರ್ಷದಿಂದ ಈ ಕಾಲೇಜಿನಲ್ಲಿದ್ದೇನೆ, ವಾರ್ಷಿಕೋತ್ಸವದಲ್ಲಿ ಒಂದನ್ನೂ ಹಾಡಿಲ್ಲ. ಎಲಾ ಮಾತ್ರ ಆ ಹಾಡುಗಳನ್ನು ಗೆಳೆಯರಿಂದ ಹೇಳಿಸಿಕೊಂಡು, ನೂರಕ್ಕೂ ಮಿಕ್ಕಿ ಸಂಗ್ರಹಿಸಿ, ಸ್ವರ ಬರೆದಿಟ್ಟಳು.

1871ರಲ್ಲಿ ಶಾಲೆ ಸಾಲದಲ್ಲಿ ಮುಳುಗಿತ್ತು; ಮನೆಗಳು ಕೊಳೆಯುತ್ತಿದ್ದವು. ಹಾಡಿ ಹಣ ತರುವುದೆಂದು ವೈಟ್ ನಿಶ್ಚಯಿಸಿದ. ಹಿರಿಯರು ಹಲವರು ಇದು ಹುಚ್ಚು ಸಾಹಸವೆಂದರು. ಅಕ್ಟೋಬರ್ 6ರಂದು ಮೇಳ ಸಿನ್ಸಿನಾಟಿಯ ಕಡೆಗೆ ಹೊರಟಿತು. ಆಗ ಎಲಾಳಿಗೆ ಇಪ್ಪತ್ತು ವರ್ಷ. ಹೊರಟ ಎರಡೇ ದಿನಕ್ಕೆ ಷಿಕಾಗೋ ನಗರಕ್ಕೆ ಬೆಂಕಿಬಿತ್ತು. ತಮ್ಮ ಮೊದಲ ಕಛೇರಿಯ ಅಲ್ಪಸ್ವಲ್ಪ ಗಳಿಕೆಯನ್ನು, ತಾವೇ ಸಾಲದಲ್ಲಿದ್ದರೂ, ಈ ಮಕ್ಕಳು ಸಂತ್ರಸ್ತರ ನಿಧಿಗೆ ಕೊಟ್ಟುಬಿಟ್ಟರು. ಮುಂದಿನ ವಾರಗಳು ಕಠಿಣವಾದವು. ಹೋಟೆಲುಗಳು ಕರಿಯರೆಂದು ಹೊರಗೆ ಕಳಿಸಿದವು. ಚಳಿಗಾಲ ಬಂತು, ಸರಿಯಾದ ಬಟ್ಟೆಯಿಲ್ಲ. ಜನ ಕೇಳುತ್ತಿದ್ದರು, ಹೊಗಳುತ್ತಿದ್ದರು, ತಟ್ಟೆಗೆ ಮಾತ್ರ ಹಣ ಬೀಳುತ್ತಿರಲಿಲ್ಲ.

ನವೆಂಬರಿನಲ್ಲಿ ಒಬರ್ಲಿನ್ ಎಂಬಲ್ಲಿ ಪಾದ್ರಿಗಳ ದೊಡ್ಡ ಸಮ್ಮೇಳನ ನಡೆದಿತ್ತು. ಸಭಿಕರು ಗಲಗಲ ಮಾತಾಡಿಕೊಂಡಿದ್ದಾಗ ಮೇಳದವರು ‘ಸ್ಟೀಲ್ ಅವೇ’ ಎಂಬ ಹಿರಿಯರ ಹಾಡನ್ನು ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ ಎತ್ತಿಕೊಂಡರು. ಸಭೆ ನಿಶ್ಶಬ್ದವಾಯಿತು. ಅಡಗಿಸಿಟ್ಟ ಹಾಡೇ ಅವರನ್ನು ಕೈಹಿಡಿಯಿತು. ವೈಟ್ ಮೇಳಕ್ಕೆ ‘ಜೂಬಿಲಿ ಸಿಂಗರ್ಸ್’ ಎಂದು ಹೆಸರಿಟ್ಟ. ಬೈಬಲಿನಲ್ಲಿ ಜೂಬಿಲಿಯೆಂದರೆ ಐವತ್ತು ವರ್ಷಕ್ಕೊಮ್ಮೆ ದಾಸರಿಗೆ ಬಿಡುಗಡೆಯಾಗುವ ವರ್ಷ.

ಇವರ ಗಾಯನಕ್ರಮದ ಬಗ್ಗೆ ಒಂದು ಮಾತು. ಈ ಹಾಡುಗಳಲ್ಲಿ ಒಬ್ಬರು ಸಾಲನ್ನೆತ್ತಿ ಕೊಡುತ್ತಾರೆ, ಉಳಿದವರು ಸೊಲ್ಲು ಕೂಡಿಸುತ್ತಾರೆ. ನಮ್ಮ ಭಜನೆಯ ಮೇಳವನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಅವರಲ್ಲಿ ಏರುದನಿ ಇಳಿದನಿಗಳು ಒಂದೇ ಕಾಲಕ್ಕೆ ಬೇರೆಬೇರೆ ಸ್ವರಗಳಲ್ಲಿ ನಡೆದು ಒಂದಾಗಿ ಬೆರೆಯುತ್ತವೆ. ಗಟ್ಟಿಯಾಗಿ ಹಾಡುವುದು ಸುಲಭ, ಸಭಾಂಗಣದ ಕೊನೆಯ ಬೆಂಚಿಗೆ ತಲುಪುವಂತೆ ಮೆಲ್ಲಗೆ ಹಾಡುವುದು ಕಷ್ಟ; ವೈಟ್ ಹಟಹಿಡಿದು ಕಲಿಸಿದ್ದು ಅದನ್ನೇ. ಎಲಾ ಪಿಯಾನೋ ನುಡಿಸುತ್ತಿದ್ದಳು, ತಾನೂ ಹಾಡುತ್ತಿದ್ದಳು, ಅಭ್ಯಾಸ ಮಾಡಿಸುತ್ತಿದ್ದಳು. ಪದೇ ಪದೇ ಕಾಯಿಲೆ ಬೀಳುತ್ತಿದ್ದರೂ ಏಳು ವರ್ಷ ಈ ಭಾರ ಹೊತ್ತಳು.

ನ್ಯೂಯಾರ್ಕಿನವರು ಮೆಚ್ಚಿದ ಮೇಲೆ ದಾರಿ ತೆರೆಯಿತು. 1872ರಲ್ಲಿ ಅಧ್ಯಕ್ಷ ಗ್ರಾಂಟರ ಮುಂದೆಯೂ, 1873ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯ ಮುಂದೆಯೂ ಹಾಡಿದರು. ಮೊದಲ ಪ್ರವಾಸದ 20,000 ಡಾಲರುಗಳಿಂದ ಶಾಲೆಗೆ ಹೊಸ ನಿವೇಶನ ದೊರೆಯಿತು. ಅದರ ಮೇಲೆ ಎದ್ದ ‘ಜೂಬಿಲಿ ಹಾಲ್’ 1876ರ ಜನವರಿ 1ರಂದು ಆರಂಭವಾಯಿತು. ಏಳು ವರ್ಷಗಳಲ್ಲಿ ಈ ಕಂಠಗಳು ತಂದ ಹಣ ಸುಮಾರು 1,50,000 ಡಾಲರು. ಮುಂದೆ ಮಹಾವಿದ್ವಾಂಸರೆನಿಸಿದ ಡುಬಾಯ್ಸ್ 1888ರಲ್ಲಿ ಪದವಿ ಪಡೆದದ್ದು ಈ ಫಿಸ್ಕ್‌ನಲ್ಲಿಯೇ.

ಎಲಾಳಿಗೆ ಮಾತ್ರ ಅಲ್ಲಿ ಓದು ಮುಗಿಸಿ ಪದವಿ ಪಡೆಯಲು ಆಗಲಿಲ್ಲ. ಓದುವ ವಯಸ್ಸೆಲ್ಲ ರೈಲುಗಾಡಿ, ಹಡಗು, ವೇದಿಕೆಗಳ ಮೇಲೆ ಕಳೆದುಹೋಗಿತ್ತು. ಪದವಿ ಪ್ರಮಾಣಪತ್ರಕ್ಕಾಗಿ ದಿನ ಎಣಿಸುತ್ತಿರುವ ನನ್ನಂಥವನಿಗೆ ಇದು ಓದಿದ ದಿನದಿಂದ ಮನಸ್ಸಿನಲ್ಲಿ ಕೊರೆಯುತ್ತಿದೆ. ಆಕೆ ಈ ಬಗ್ಗೆ ಕೊರಗುತ್ತ ಕೂಡಲಿಲ್ಲ. 1878ರಲ್ಲಿ ಜರ್ಮನಿಯಲ್ಲಿ ಮೇಳ ಚದುರಿದಾಗ ಊರಿಗೆ ಮರಳಿ, ಮನೆ ಮಾಡಿ, ಮಿಸಿಸಿಪಿಗೆ ಮಾರಿಹೋಗಿದ್ದ ತಾಯಿಯನ್ನು ಕರೆತಂದು ಇಟ್ಟುಕೊಂಡಳು. 1882ರಲ್ಲಿ ಜಾರ್ಜ್ ಮೂರ್ ಎಂಬ ಪಾದ್ರಿಯನ್ನು ಮದುವೆಯಾದಳು. ಮುಂದೆಯೂ ಫಿಸ್ಕ್‌ನ ಹೊಸ ವಿದ್ಯಾರ್ಥಿ ಮೇಳಗಳಿಗೆ ಹಳೆಯ ಹಾಡುಗಳನ್ನು ಹೇಳಿಕೊಟ್ಟಳು. 1914ರ ಜೂನ್ 9ರಂದು ತೀರಿಕೊಂಡಳು. ಸಮಾಧಿ ನ್ಯಾಷ್‌ವಿಲ್ಲಿನ ಹಳೆಯ ಸ್ಮಶಾನದಲ್ಲಿದೆ.

ಫಿಸ್ಕ್‌ನಲ್ಲಿ ಪ್ರತಿವರ್ಷ ಅಕ್ಟೋಬರ್ 6ನ್ನು ಜೂಬಿಲಿ ದಿನವೆಂದು ಆಚರಿಸುತ್ತಾರೆ. ಅಂದು ಆ ವರ್ಷದ ಹಾಡುಮೇಳದ ವಿದ್ಯಾರ್ಥಿಗಳು ಸಭೆಯಲ್ಲಿ ಹಾಡಿ, ಅನಂತರ ಸ್ಮಶಾನಕ್ಕೆ ನಡೆದು, ಮೊದಲ ಮೇಳದವರ ಸಮಾಧಿಗಳ ಬಳಿ ನಿಂತು ಇನ್ನೊಮ್ಮೆ ಹಾಡುತ್ತಾರೆ.